ಅಮ್ಮನ ರೂಮಿನ ಎಸಿಗೆ ಗ್ಯಾಸ್ ಬೇಕಾ ಬ್ಯಾಡ್ವಾ

ಗುಂಪು: ಹಾಸನದ ಮನೆ
ಗುರುವಾರ

ದೊಡ್ಡಣ್ಣ (ಮಧ್ಯಾಹ್ನ 1:12)
ಫಾರ್ವರ್ಡ್ ಮೆಸೇಜ್: "ಗಮನಿಸಿ!! ನಿಮ್ಮ ಮನೆಯ ಎಸಿ ತಣ್ಣಗಾಗುತ್ತಿಲ್ಲವೇ? ಎಸಿಯೊಳಗಿನ ಗ್ಯಾಸ್ ಪ್ರತಿ ವರ್ಷ ಖರ್ಚಾಗುತ್ತದೆ. ಬೇಸಿಗೆಯಲ್ಲಿ ತಪ್ಪದೆ ಗ್ಯಾಸ್ ತುಂಬಿಸಿ, ಕಂಪ್ರೆಸರ್ ಉಳಿಸಿಕೊಳ್ಳಿ. ಎಲ್ಲರಿಗೂ ಶೇರ್ ಮಾಡಿ 🙏"

ದೊಡ್ಡಣ್ಣ
ಎಲ್ರೂ ಓದಿ. ಅಮ್ಮನ ರೂಮಿನ ಎಸಿ ಹದಿನೈದು ದಿನದಿಂದ ಬರೀ ಫ್ಯಾನ್ ಥರ ಆಗೋಗಿದೆ, 16ಕ್ಕೆ ಇಟ್ರೂ ಸೆಕೆ ಹೋಗ್ತಿಲ್ಲ. ಮೆಕ್ಯಾನಿಕ್‌ಗೆ ಹೇಳಿದೀನಿ ನಾಳೆ ಬೆಳಿಗ್ಗೆ ಬಂದು ಗ್ಯಾಸ್ ತುಂಬ್ತಾನೆ, 3,200 ಅಂತೆ. ಎಸಿ ತಗೊಂಡಾಗ ಮಾತಾಡ್ಕೊಂಡಂಗೆ ನಾಲ್ಕು ಜನನೂ ಎಂಟೆಂಟ್ನೂರು ಹಾಕಿ

ತಮ್ಮ ಬೆಂಗ್ಳೂರು
ಹಾಕ್ದೆ ಅಣ್ಣ

ಅಕ್ಕ ಬೇಲೂರು
ಹೋದ್ ವರ್ಷನೂ ಗ್ಯಾಸ್‌ಗೆ ಅಂತ ಹಾಕಿದ್ವಲ್ಲೋ? ಅದು ಎಲ್ಲೋಯ್ತು

ದೊಡ್ಡಣ್ಣ
ಮೇಲೆ ಬರ್ದಿದಾರಲ್ಲಕ್ಕ ವರ್ಷ ವರ್ಷ ಖರ್ಚಾಗುತ್ತೆ ಅಂತ

ನಾನು
ಅಣ್ಣ ದುಡ್ಡು ಕೊಡೋಕೆ ನನ್ನದೇನೂ ತಕರಾರಿಲ್ಲ ಆದ್ರೆ ಆ ಮೆಸೇಜಲ್ಲಿರೋದು ತಪ್ಪು ಕಣಣ್ಣ. ಎಸಿ ಗ್ಯಾಸು ಸ್ಕೂಟರ್ ಪೆಟ್ರೋಲ್ ಥರ ಉರಿದು ಹೋಗೋದಲ್ಲ. ಅದು ಮುಚ್ಚಿದ ಪೈಪೊಳಗೆ ಸುತ್ತುತಾ ಇರುತ್ತೆ ಅಷ್ಟೆ, ಒಳಗಡೆ ಆವಿಯಾಗಿ ರೂಮಿನ ಬಿಸಿ ಎಳ್ಕೊಳುತ್ತೆ, ಹೊರಗಡೆ ಯೂನಿಟ್‌ಗೆ ಹೋಗಿ ಆ ಬಿಸಿ ಬಿಟ್ಟು ಮತ್ತೆ ದ್ರವ ಆಗುತ್ತೆ, ಹಿಂಗೇ ತಿರುಗ್ತಾ ಇರುತ್ತೆ. ಕಡಿಮೆ ಆಗಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತ ಅರ್ಥ. ಸೋರೋದನ್ನ ಹುಡುಕದೆ ಮೇಲಿಂದ ಮೇಲೆ ತುಂಬಿದ್ರೆ ತೂತು ಬಿಂದಿಗೆಗೆ ನೀರು ಹುಯ್ದಂಗೆ

ದೊಡ್ಡಣ್ಣ
ಅವ್ನು ಹದಿನೈದು ವರ್ಷದಿಂದ ಇದೇ ಕೆಲ್ಸ ಮಾಡ್ಕೊಂಡ್ ಬಂದವ್ನೆ. ನೀನು ಆಲೂಗಡ್ಡೆ ಕಾಯೋನು, ಎಸಿ ವಿಷ್ಯ ನಿಂಗೇನ್ ಗೊತ್ತು

ನಾನು
ಆಲೂಗಡ್ಡೆ ಕಾಯೋಕೇ ಮೆಷಿನ್ ಇರೋದು ಅಣ್ಣ. ಜಲಂಧರಿಂದ ಬಂದಿರೋ ಬಿತ್ತನೆ ಗಡ್ಡೆ ಚೀಲ ಈಗ ಕೋಲ್ಡ್ ಸ್ಟೋರೇಜ್ ತುಂಬ ಇದೆ, ಮೇ ತಿಂಗಳಲ್ಲಿ ರೈತರು ತಗೊಂಡೋಗೋವರೆಗೂ 3 ಡಿಗ್ರಿ ಆಸುಪಾಸಲ್ಲಿ ಇಡ್ಬೇಕು ಇಲ್ಲಾಂದ್ರೆ ಮೊಳಕೆ ಬಂದ್ಬಿಡುತ್ತೆ. ನಮ್ದು ಅಮೋನಿಯಾ, ಅಮ್ಮನ ಎಸಿದು ಆರ್-32, ಗ್ಯಾಸ್ ಬೇರೆ ಕೆಲ್ಸ ಒಂದೇ. ನಮ್ಮಲ್ಲಿ ಅಮೋನಿಯಾ ಕಮ್ಮಿ ಆಯ್ತು ಅಂದ್ರೆ ಯಾರೂ ಖರ್ಚಾಯ್ತು ಅನ್ನಲ್ಲ, ಯಾವ ಜಾಯಿಂಟು ಸೋರ್ತಿದೆ ಅಂತ ಹುಡುಕ್ತೀವಿ. ಅಮೋನಿಯಾ ಆದ್ರೆ ಮೂಗಿಗೆ ಬಡಿಯುತ್ತೆ, ಈ ಆರ್-32 ವಾಸನೆನೂ ಬರಲ್ಲ ಅದಕ್ಕೇ ಜನಕ್ಕೆ ಖರ್ಚಾಯ್ತು ಅಂತ ಹೇಳಿದ್ರೆ ನಂಬ್ತಾರೆ

ಭಾವ
ಅವ್ರು ಹೇಳೋದ್ರಲ್ಲೂ ನ್ಯಾಯ ಇದೆ. ನಮ್ಮನೆ ಫ್ರಿಜ್ ತಗೊಂಡು ಹನ್ನೊಂದು ವರ್ಷ ಆಯ್ತು ಒಂದ್ ಸಲನೂ ಗ್ಯಾಸ್ ಹಾಕ್ಸಿಲ್ಲ, ಅದೂ ಇದೇ ಥರದ್ದೇ ಅಲ್ವಾ

ನಾನು
ಹೌದು ಭಾವ ಅದೇ ಕ್ರಮ

ದೊಡ್ಡಣ್ಣ
ಹಂಗಾದ್ರೆ ಹೋದ್ ವರ್ಷ ಗ್ಯಾಸ್ ಹಾಕ್ದ ಮೇಲೆ ತಣ್ಣಗಾಯ್ತಲ್ಲ ಅದಕ್ಕೇನ್ ಹೇಳ್ತೀಯ. ನನ್ ಕಣ್ಣಾರೆ ನೋಡಿದೀನಿ ಆವತ್ತೇ ರಾತ್ರಿ ಅಮ್ಮ ಹೊದಿಕೆ ಕೇಳಿದ್ರು

ಅತ್ತಿಗೆ
ಆವತ್ತು ಅವ್ರು ಬರೀ ಗ್ಯಾಸ್ ಹಾಕಿ ಹೋಗ್ಲಿಲ್ಲ ರೀ, ಒಳಗಿಂದು ಜಾಲರಿ ಬಿಚ್ಚಿ ತೊಳೆದ್ರು, ಹೊರಗಡೆ ಡಬ್ಬಕ್ಕೂ ಪೈಪಲ್ಲಿ ನೀರ್ ಹೊಡೆದ್ರು. ನಾನೇ ಬಕೆಟ್ ಕೊಟ್ಟಿದ್ದು

ನಾನು
ನೋಡಿ ಅತ್ತಿಗೆ ಇದೇ ನಾನು ಕೇಳ್ಬೇಕಿದ್ದಿದ್ದು. ತಣ್ಣಗಾಗಿದ್ದು ಗ್ಯಾಸಿಂದ್ಲೋ ನೀರಿಂದ್ಲೋ ಹೆಂಗೆ ಹೇಳೋದು? ಆಮೇಲೆ ಆ ಜಾಲರಿ ಯಾವಾಗ ತೊಳೆದ್ರಿ?

ಅತ್ತಿಗೆ
ಆಮೇಲೆ ತೊಳೆದಿಲ್ಲ 😔 ಅದು ನಾವು ಬಿಚ್ಚಬಹುದಾ? ಮುರಿದೋಗುತ್ತೆ ಅಂತ ಮುಟ್ಟಿಲ್ಲ

ನಾನು
ಬಿಚ್ಚೋಕೇ ಮಾಡಿರೋದು ಅತ್ತಿಗೆ. ಬೇಸಿಗೆಲಿ ದಿನಾ ಹಾಕೋದಾದ್ರೆ ಹದಿನೈದು ದಿನಕ್ಕೊಂದ್ ಸಲ ನಲ್ಲಿ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಹಾಕ್ಬೇಕು. ಪುಟ್ಟಿ ಇದ್ರೆ ಈಗ್ಲೇ ಮಾಡ್ಸಿ, ಮೊದ್ಲು ಎಸಿಗೆ ಕರೆಂಟ್ ಕೊಡೋ ಎಂಸಿಬಿ ಸ್ವಿಚ್ಚು ಆಫ್ ಮಾಡ್ಲಿ

ತಮ್ಮ ಬೆಂಗ್ಳೂರು
ವೋಲ್ಟೇಜ್ ಪ್ರಾಬ್ಲಮ್ ಇರಬಹುದಾ ಮಧ್ಯಾಹ್ನ ಹೊತ್ತು

ದೊಡ್ಡಣ್ಣ
ಸ್ಟೆಬಿಲೈಸರಲ್ಲಿ 220 ತೋರಿಸ್ತಿದೆ. ಅದಲ್ಲ

ಪುಟ್ಟಿ (2:05)
📷 ಚಿಕ್ಕಪ್ಪ ನೋಡಿ ಜಾಲರಿ ಕಾಣ್ತಾನೇ ಇಲ್ಲ ಅಷ್ಟು ಧೂಳು, ಕಂಬಳಿ ಥರ ಬಂತು

ಅಕ್ಕ ಬೇಲೂರು
ಅಯ್ಯೋ ಅಮ್ಮ ಅದೇ ಗಾಳಿ ಕುಡೀತಿದ್ರಾ

ಪುಟ್ಟಿ (2:50)
ತೊಳೆದು ಒಣಗಿಸಿ ಹಾಕ್ದೆ. ಗಾಳಿ ಜೋರಾಗಿ ಬರ್ತಿದೆ ಆದ್ರೆ ಅಷ್ಟು ತಣ್ಣಗಿಲ್ಲ. ಅಜ್ಜಿ ಹೇಳ್ತಿದಾರೆ ನಂಗೋಸ್ಕರ ಜಗಳ ಆಡ್ಬೇಡಿ ಫ್ಯಾನೇ ಸಾಕು ಅಂತ

ದೊಡ್ಡಣ್ಣ
ನೋಡ್ದಾ? ಗ್ಯಾಸೇ. ಸುಮ್ನೆ ಟೈಮ್ ವೇಸ್ಟು. ಮೇಲಿನ ರೂಮು, ಪಡುವಣ ಗೋಡೆ, ತಾರಸಿ ಕಾದು ಕಾವಲಿ ಆಗಿರುತ್ತೆ, ಹಾಸನ ಬಡವರ ಊಟಿ ಅಂತಿದ್ದ ಕಾಲ ಹೋಯ್ತು. ಅಮ್ಮಂಗೆ ಮಂಡಿ ಆಪರೇಷನ್ ಆದ್ಮೇಲೆ ಕೆಳಗಡೆ ಓಡಾಡಕ್ಕೂ ಆಗಲ್ಲ, ನಿಮ್ ಪರೀಕ್ಷೆ ಮುಗಿಯೋವರೆಗೂ ಅವ್ರು ಬೇಯ್ಬೇಕಾ

ನಾನು
ಅಣ್ಣ ನಂಗೂ ಅಮ್ಮನದೇ ಚಿಂತೆ. ಅರ್ಧ ಗಂಟೆ ಕೊಡು. ಪುಟ್ಟಿ, ನಾನು ಕೊಟ್ಟಿದ್ದ ಡಿಜಿಟಲ್ ಥರ್ಮಾಮೀಟ್ರನ್ನ ಮೊದ್ಲು ಎಸಿ ಮೇಲ್ಗಡೆ ಗಾಳಿ ಒಳಗೆ ಹೋಗೋ ಕಡೆ ಹಿಡಿ, ಆಮೇಲೆ ಗಾಳಿ ಬರೋ ಬಾಯಿಗೆ ಹಿಡಿ, ಎರಡೂ ಬರ್ಕೊ. ಆಮೇಲೆ ಬಾಲ್ಕನಿಗೆ ಹೋಗಿ ಹೊರಗಿನ ಯೂನಿಟ್‌ಗೆ ಸೇರೋ ಎರಡು ಪೈಪ್ ನೋಡು, ಸಣ್ಣದ್ರ ಮೇಲೆ ಐಸ್ ಕಟ್ಟಿದ್ಯಾ, ದಪ್ಪದ್ರ ಮೇಲೆ ನೀರು ಬೆವರಿದ್ಯಾ, ಜಾಯಿಂಟ್ ಹತ್ರ ಎಣ್ಣೆ ಜಿಡ್ಡು ಇದ್ಯಾ. ಗ್ಯಾಸ್ ಸೋರಿದ್ರೆ ಕಂಪ್ರೆಸರ್ ಎಣ್ಣೆನೂ ಜೊತೆಗೆ ಬಂದು ಅಲ್ಲೇ ಜಿಡ್ಡು ಕೂರುತ್ತೆ

ಪುಟ್ಟಿ (3:08)
ಮೇಲೆ 31, ಬಾಯಲ್ಲಿ 25. ಐಸ್ ಇಲ್ಲ, ಜಿಡ್ಡೂ ಇಲ್ಲ, ದಪ್ಪ ಪೈಪ್ ಒದ್ದೆ ಇದೆ
📷 ಬಾಲ್ಕನಿ

ನಾನು
ಆ ಫ್ಲೆಕ್ಸ್ ಯಾರು ಕಟ್ಟಿದ್ದು??

ದೊಡ್ಡಣ್ಣ
ನಾನೇ. ಪಾರಿವಾಳ ಬಂದು ಗೂಡು ಕಟ್ತಾವೆ ಗಲೀಜು ಮಾಡ್ತಾವೆ ಅಂತ ಹಬ್ಬ ಕಳೆದ ಮೇಲೆ ಗ್ರಿಲ್‌ಗೆ ಸುತ್ತ ಕಟ್ದೆ. ಮೇಲೆ ಬಿಸಿಲೂ ಬೀಳಲ್ಲ ಅಂತ

ನಾನು
ಅಣ್ಣ ಅಲ್ಲೇ ಇರೋದು. ಆ ಯೂನಿಟ್ ಕೆಲ್ಸನೇ ರೂಮಿನ ಬಿಸಿನ ಆಚೆ ಬಿಸಾಕೋದು, ಅದ್ರ ಮುಂದೆ ಫ್ಲೆಕ್ಸ್ ಕಟ್ಟಿದ್ರೆ ಊದಿದ ಬಿಸಿಗಾಳಿನೇ ತಿರುಗಿ ಹಿಂದಿಂದ ಒಳಗೆ ಎಳ್ಕೊಳುತ್ತೆ. ಒಲೆ ಮುಂದೆ ಕೂತು ಬೀಸಣಿಗೆ ಬೀಸ್ಕೊಂಡಂಗೆ. ಗಾಳಿ ತಣ್ಣಗೆ ಬರೋದು ಕಮ್ಮಿ ಆಗುತ್ತೆ, ಕರೆಂಟ್ ಜಾಸ್ತಿ ತಿನ್ನುತ್ತೆ, ಕಂಪ್ರೆಸರ್‌ಗೂ ಏಟು. ಇದ್ರ ಮೇಲೆ ನಾಳೆ ಅವ್ನು ಅಂದಾಜಲ್ಲಿ ಇನ್ನಷ್ಟು ಗ್ಯಾಸ್ ತುಂಬಿದ್ರೆ ಒಳಗಡೆ ಪ್ರೆಶರ್ ಇನ್ನೂ ಏರುತ್ತೆ, ಇರೋ ತಂಪೂ ಹೋಗುತ್ತೆ. ದಯವಿಟ್ಟು ಈಗ್ಲೇ ಬಿಚ್ಚು, ಆಫ್ ಮಾಡಿ ಬಿಚ್ಚು ಫ್ಯಾನಿಗೆ ಸಿಕ್ಕೊಂಡಾತು

ಭಾವ
ಬಿಚ್ಚಿ ನೋಡೋದ್ರಲ್ಲಿ ನಷ್ಟ ಏನಿದೆ ಬಿಡಿ

ಪುಟ್ಟಿ (3:55)
ಅಪ್ಪ ಬಿಚ್ಚಿದ್ರು. ಅರ್ಧ ಗಂಟೆ ಓಡಿಸಿದ ಮೇಲೆ ಮೇಲೆ 29, ಬಾಯಲ್ಲಿ 18!!

ಅಕ್ಕ ಬೇಲೂರು
ಅಬ್ಬಾ 👏👏

ತಮ್ಮ ಬೆಂಗ್ಳೂರು
11 ಡಿಗ್ರಿ ವ್ಯತ್ಯಾಸ. ಚೆನ್ನಾಗಿದೆ ಅಲ್ವಾ ಅಣ್ಣ ಅದು

ನಾನು
ಚೆನ್ನಾಗಿದೆ. 8ರಿಂದ 12 ಬಂದ್ರೆ ಸಾಮಾನ್ಯವಾಗಿ ಸರಿಯಾಗಿದೆ ಅಂತ್ಲೇ ಲೆಕ್ಕ. ಗ್ಯಾಸ್ ನಿಜವಾಗ್ಲೂ ಕಮ್ಮಿ ಇದ್ದಿದ್ರೆ ಫ್ಲೆಕ್ಸ್ ಬಿಚ್ಚಿದ ತಕ್ಷಣ ಹಿಂಗೆ ಇಳೀತಿರಲಿಲ್ಲ

ದೊಡ್ಡಣ್ಣ (4:20)
ಸರಿ ಒಪ್ಕೊಂಡೆ. ಆ ಮೆಸೇಜು ಇನ್ನೆರಡು ಗುಂಪಿಗೂ ಹಾಕಿದ್ದೆ, ಡಿಲೀಟ್ ಮಾಡ್ತೀನಿ. ನಾಳೆ ಅವ್ನಿಗೆ ಬರ್ಬೇಡ ಅನ್ಲಾ

ನಾನು
ಬರ್ಲಿ ಅಣ್ಣ, ಒಳಗಿನ ಕಾಯಿಲು ಹೊರಗಿನ ಕಾಯಿಲು (ಗ್ಯಾಸ್ ಸುತ್ತೋ ಪೈಪಿನ ಸುರುಳಿ) ಎರಡೂ ನೀರಲ್ಲಿ ಚೆನ್ನಾಗಿ ತೊಳೀಲಿ, ಆ ಕೆಲ್ಸಕ್ಕೆ ದುಡ್ಡು ಕೊಡೋಣ. ಗ್ಯಾಸ್ ಮಾತ್ರ ಮುಟ್ಟೋದು ಬೇಡ. ಮುಂದೆ ಯಾವತ್ತಾದ್ರೂ ಕಮ್ಮಿ ಇದೆ ಅಂದ್ರೆ ಮೊದ್ಲು ಸೋರೋ ಜಾಗ ತೋರಿಸಪ್ಪ ಅನ್ನು, ಸರಿ ಮಾಡಿ ವ್ಯಾಕ್ಯೂಮ್ ಎಳೆದು (ಪೈಪೊಳಗಿನ ಗಾಳಿನೆಲ್ಲ ಪಂಪಲ್ಲಿ ಆಚೆ ತೆಗೆದು) ಆಮೇಲೆ ತಕ್ಕಡಿ ಇಟ್ಟು ತೂಕ ಮಾಡಿ ಹಾಕ್ಲಿ. ಎಷ್ಟು ಗ್ರಾಂ ಅಂತ ಹೊರಗಿನ ಯೂನಿಟ್ ಸ್ಟಿಕ್ಕರ್ ಮೇಲೇ ಬರೆದಿರುತ್ತೆ. ಆರ್-32 ಸ್ವಲ್ಪ ಬೆಂಕಿ ಹತ್ತೋ ಗ್ಯಾಸು, ಸೋರಿದ್ರೆ ಅದೂ ಅಮ್ಮ ಮಲಗೋ ರೂಮಲ್ಲಿ, ಅದಕ್ಕೇ ಇಷ್ಟು ಹೇಳ್ತಿರೋದು, ನಿನ್ ಮೇಲೆ ಜಿದ್ದಿಂದಲ್ಲ

ದೊಡ್ಡಣ್ಣ
ಗೊತ್ತು ಕಣೋ. ತಮ್ಮಂದು ಎಂಟ್ನೂರು ವಾಪಸ್ ಹಾಕ್ದೆ

ಅತ್ತಿಗೆ
16ಕ್ಕೆ ಇಡೋದು ಬಿಟ್ಟು 24 ಮಾಡಿದೀನಿ. ಅತ್ತೆ ನಿದ್ದೆ ಹೋದ್ರು

ದೊಡ್ಡಣ್ಣ
ಮತ್ತೆ ಪಾರಿವಾಳಕ್ಕೆ ಏನ್ ಮಾಡೋದು

ನಾನು
ಭಾನುವಾರ ಡ್ಯೂಟಿ ಮುಗಿಸ್ಕೊಂಡು ನೈಲಾನ್ ಬಲೆ ತರ್ತೀನಿ, ಗಾಳಿ ಆಡುತ್ತೆ ಹಕ್ಕಿ ಬರಲ್ಲ. ಗ್ರಿಲ್ ಅಳತೆ ತಗೊಂಡು ಕಳ್ಸು