ಬ್ಯಾಗ್ ಎಲ್ಲಿ, ವಿಮಾನ ಎಲ್ಲಿ: ನಿಲ್ದಾಣದ ಕಂಪ್ಯೂಟರ್ ಬಗ್ಗೆ ನಮ್ಮೂರವರ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಮತ್ತು ಬ್ಯಾಗೇಜ್ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕುಮಟಾ ಕಡೆಯವರೊಬ್ಬರು ನಮ್ಮ ಗುಂಪಿನಲ್ಲಿದ್ದಾರೆ. ಈ ವಾರ ನೀವು ಕಳಿಸಿದ ಪ್ರಶ್ನೆಗಳಿಗೆ ಅವರು ಉತ್ತರ ಬರೆದಿದ್ದಾರೆ.

ಪ್ರಶ್ನೆ (ಶಿರಸಿಯಿಂದ): ಅಣ್ಣಾ, ನಮ್ಮ ಅಮ್ಮ ತಂಗಿಯ ಬಾಣಂತನಕ್ಕೆ ದುಬೈಗೆ ಹೊರಟಿದ್ದಾರೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ಟಿಕೆಟ್, ಬೆಂಗಳೂರಿನಿಂದ ದುಬೈಗೆ ಬೇರೆ ಕಂಪನಿಯದು ಇನ್ನೊಂದು. ಹಾಗೆ ಮಾಡಿದ್ರೆ ದುಡ್ಡು ಉಳಿಯುತ್ತದೆ ಅಂತ ಏಜೆಂಟರು ಹೇಳಿದರು. ಮಧ್ಯದಲ್ಲಿ ಎರಡೂವರೆ ತಾಸು ಇದೆ. ಲೇಹ್ಯ, ತುಪ್ಪ, ಮಿಡಿ ಉಪ್ಪಿನಕಾಯಿ ಎಲ್ಲ ಇರುವ ಬ್ಯಾಗ್ ಹುಬ್ಬಳ್ಳಿಯಲ್ಲಿ ಕೊಟ್ಟರೆ ದುಬೈಯಲ್ಲೇ ಸಿಗುತ್ತದಾ?

ಉತ್ತರ: ಅಕ್ಕಾ, ಹೊರಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ.

ಟಿಕೆಟ್ ಮಾಡಿದ ಕೂಡಲೇ ಆರು ಅಕ್ಷರ-ಅಂಕಿಗಳ ಪಿಎನ್‌ಆರ್ ಬರುತ್ತದೆ ಅಲ್ವಾ? ಕಂಪನಿಯ ಕಂಪ್ಯೂಟರಿಗೆ ಅಮ್ಮ ಅಂದರೆ ಆ ಪಿಎನ್‌ಆರ್‌ನಲ್ಲಿ ಬರೆದಿರುವಷ್ಟೇ. ಹೆಸರು, ಫೋನ್ ನಂಬರ್, ಯಾವ ವಿಮಾನ, ಎಷ್ಟು ಕಿಲೋ ಲಗೇಜು. ನಿಮ್ಮ ಏಜೆಂಟರು ಎರಡು ಪಿಎನ್‌ಆರ್ ಮಾಡಿದ್ದಾರೆ. ಹುಬ್ಬಳ್ಳಿ ಕೌಂಟರಿನವರ ಸ್ಕ್ರೀನ್‌ನಲ್ಲಿ ಅಮ್ಮನ ಪ್ರಯಾಣ ಬೆಂಗಳೂರಿಗೇ ಮುಗಿಯುತ್ತದೆ. ದುಬೈ ವಿಷಯ ಅಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಟ್ಯಾಗ್ ಬೆಂಗಳೂರಿಗಷ್ಟೇ ಬರುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ತಡವಾದರೆ. ಮಳೆಗಾಲದಲ್ಲಿ ಹುಬ್ಬಳ್ಳಿ ವಿಮಾನ ಎರಡು ತಾಸು ತಡವಾಯಿತು ಅಂತಿಟ್ಟುಕೊಳ್ಳಿ. ದುಬೈ ವಿಮಾನದ ಕಂಪ್ಯೂಟರಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ. ಹೊತ್ತಾಯಿತು, ಅಮ್ಮ ಕೌಂಟರಿಗೆ ಬರಲಿಲ್ಲ, ನೋ-ಶೋ ಎಂದು ಗುರುತು ಬೀಳುತ್ತದೆ. ವಾಪಸ್ ಬರುವ ಟಿಕೆಟ್ಟೂ ಅದೇ ಪಿಎನ್‌ಆರ್‌ನಲ್ಲಿದ್ದರೆ ಸಾಮಾನ್ಯವಾಗಿ ಅದೂ ರದ್ದಾಗುತ್ತದೆ. ಬೇರೆ ವಿಮಾನ ಕೊಡಿ ಎಂದು ಕೇಳುವ ಹಕ್ಕು ಎರಡು ಕಂಪನಿಗಳ ಹತ್ತಿರವೂ ಉಳಿಯುವುದಿಲ್ಲ.

ಒಂದೇ ಪಿಎನ್‌ಆರ್‌ನಲ್ಲಿ ದುಬೈ ತನಕ ಟಿಕೆಟ್ ಇದ್ದರೆ ಲೆಕ್ಕ ಬೇರೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಕೂರಿಸುವುದು ಕಂಪನಿಯ ಕೆಲಸ. ಟಿಕೆಟ್ ಇನ್ನೂ ಬದಲಿಸಬಹುದಾದರೆ ದಯವಿಟ್ಟು ಬದಲಿಸಿ. ಒಬ್ಬರೇ ಹೋಗುವ ವಯಸ್ಸಾದವರಿಗೆ ಉಳಿದ ಆ ದುಡ್ಡು ಸುಮ್ನೆ ಗೋಳು ತಂದಿಡುತ್ತದೆ.

ಬದಲಿಸಲು ಆಗದಿದ್ದರೆ ಬೆಂಗಳೂರಿನಲ್ಲಿ ಐದಾರು ತಾಸು ಬಿಡುವು ಇರುವ ಹಾಗೆ ಬೇಗನೆಯ ಹುಬ್ಬಳ್ಳಿ ವಿಮಾನ ಹಿಡಿಯಿರಿ. ಅಮ್ಮ ಬೆಲ್ಟ್‌ನಿಂದ ಬ್ಯಾಗ್ ಎತ್ತಿಕೊಂಡು ಹೊರಗೆ ಬರಬೇಕು. ಅಂತರರಾಷ್ಟ್ರೀಯ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್‌ನಿಂದ. ಹುಬ್ಬಳ್ಳಿ ವಿಮಾನ ಒಂದನೆಯದಕ್ಕೆ ಬಂದರೆ ಮಧ್ಯೆ ಬಸ್ಸು ಹಿಡಿಯಬೇಕು. ವೀಲ್‌ಚೇರ್ ಬೇಕಿದ್ದರೆ ಎರಡೂ ಪಿಎನ್‌ಆರ್‌ಗಳಲ್ಲಿ ಬೇರೆ ಬೇರೆಯಾಗಿ ಹಾಕಿಸಿ. ಒಂದರಲ್ಲಿ ಹಾಕಿದ್ದು ಇನ್ನೊಂದಕ್ಕೆ ಹೋಗುವುದಿಲ್ಲ.

ಪ್ರಶ್ನೆ (ಅದೇ ಸದಸ್ಯರು): ಒಂದೇ ಪಿಎನ್‌ಆರ್ ಮಾಡಿಸುತ್ತೇವೆ ಅಣ್ಣಾ. ಬ್ಯಾಗ್ ದುಬೈಗೇ ಹೋಗುತ್ತದೆ ಅಂತ ಅಮ್ಮ ಹೇಗೆ ತಿಳಿದುಕೊಳ್ಳುವುದು?

ಉತ್ತರ: ಬ್ಯಾಗಿನ ಕಿವಿಗೆ ಉದ್ದದ ಟ್ಯಾಗ್ ಸುತ್ತುತ್ತಾರಲ್ಲ, ಅದರಲ್ಲಿ ದಪ್ಪ ಅಕ್ಷರದಲ್ಲಿ ಊರಿನ ಮೂರಕ್ಷರದ ಕೋಡ್ ಇರುತ್ತದೆ. ದುಬೈಗೆ ಡಿಎಕ್ಸ್‌ಬಿ, ಬೆಂಗಳೂರಿಗೆ ಬಿಎಲ್‌ಆರ್. ಕೊನೆಯ ಊರು ಡಿಎಕ್ಸ್‌ಬಿ ಎಂದಿದ್ದರೆ ಸರಿ. ಬರೀ ಬಿಎಲ್‌ಆರ್ ಇದ್ದರೆ ಅಲ್ಲೇ ಕೇಳಬೇಕು. ಬ್ಯಾಗ್ ಬೆಲ್ಟ್ ಮೇಲೆ ಒಳಗೆ ಹೋಗುವ ಮೊದಲೇ ನೋಡಿಕೊಳ್ಳಲಿ. ವಾಪಸ್ ಬರುವಾಗ ಮಾತ್ರ ಸಾಮಾನ್ಯವಾಗಿ ಭಾರತದಲ್ಲಿ ಮೊದಲು ಇಳಿದ ಊರಿನಲ್ಲೇ ಕಸ್ಟಮ್ಸ್‌ಗಾಗಿ ಬ್ಯಾಗ್ ಎತ್ತಿಕೊಳ್ಳಬೇಕಾಗುತ್ತದೆ.

ಪ್ರಶ್ನೆ (ಕಾರವಾರದಿಂದ): ಗೋವಾಕ್ಕೆ ಅಂತ ಹುಡುಕಿದರೆ ಎರಡು ನಿಲ್ದಾಣ ತೋರಿಸುತ್ತದೆ. ಯಾವುದು ನಮಗೆ?

ಉತ್ತರ: ದಾಬೋಲಿಂ, ಕೋಡ್ ಜಿಒಐ. ಅದು ವಾಸ್ಕೋ ಹತ್ತಿರ, ನಮಗೆ ಸಮೀಪ. 2023ರ ಜನವರಿಯಲ್ಲಿ ವಿಮಾನ ಶುರುವಾದ ಮೋಪಾ ಗೋವಾದ ಉತ್ತರ ತುದಿಯಲ್ಲಿದೆ, ಕೋಡ್ ಜಿಒಎಕ್ಸ್. ಕಡೆಯ ಒಂದಕ್ಷರ ನೋಡದೆ ಟ್ಯಾಕ್ಸಿ ಹೇಳಿದರೆ ವಿಮಾನ ತಪ್ಪಿದ ಹಾಗೇ. ಅಂಕೋಲೆಯ ಅಲಗೇರಿಯಲ್ಲಿ ನಿಲ್ದಾಣ ಆಗುವ ತನಕ ನಮಗೆ ಗೋವಾ, ಹುಬ್ಬಳ್ಳಿ, ಮಂಗಳೂರೇ ಗತಿ. ಆದ್ದರಿಂದ ಈ ಕೋಡ್‌ಗಳನ್ನು ನೆನಪಿಟ್ಟುಕೊಳ್ಳಿ: ಹುಬ್ಬಳ್ಳಿ ಎಚ್‌ಬಿಎಕ್ಸ್, ಮಂಗಳೂರು ಐಎಕ್ಸ್‌ಇ.

ಪ್ರಶ್ನೆ (ಭಟ್ಕಳದಿಂದ): ಕಳೆದ ಸಲ ದುಬೈಯಿಂದ ಮಂಗಳೂರಿಗೆ ಬಂದಾಗ ಒಂದು ಬ್ಯಾಗ್ ಬರಲೇ ಇಲ್ಲ. ನಾಳೆ ಬರುತ್ತದೆ, ಮನೆಗೆ ಹೋಗಿ ಅಂದರು. ನಾಲ್ಕು ದಿನ ಬಿಟ್ಟು ಫೋನ್ ಮಾಡಿದರೆ ದೂರೇ ಇಲ್ಲ ಅಂದರು. ಇಷ್ಟೆಲ್ಲ ಕಂಪ್ಯೂಟರ್ ಇದ್ದೂ ಬ್ಯಾಗ್ ಎಲ್ಲಿದೆ ಅಂತ ಗೊತ್ತಾಗುವುದಿಲ್ಲವಾ?

ಉತ್ತರ: ಭಾಯ್, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಬಾಯಿಮಾತಿನಲ್ಲಿ ಕಳಿಸಿದ್ದು ತಪ್ಪು.

ಟ್ಯಾಗ್‌ನಲ್ಲಿ ಹತ್ತು ಅಂಕಿಯ ನಂಬರ್ ಇರುತ್ತದೆ, ಅದರ ಬಾರ್‌ಕೋಡ್ ಇರುತ್ತದೆ. ನೀವು ಬ್ಯಾಗ್ ಕೊಟ್ಟ ಕೂಡಲೇ ಚೆಕ್-ಇನ್ ಕಂಪ್ಯೂಟರ್ ಆ ನಂಬರನ್ನೂ ವಿಮಾನದ ವಿವರವನ್ನೂ ಬ್ಯಾಗ್ ವಿಂಗಡಿಸುವ ಕಂಪ್ಯೂಟರಿಗೆ ಕಳಿಸುತ್ತದೆ. ಬೆಲ್ಟ್ ಮೇಲಿನ ಸ್ಕ್ಯಾನರ್ ನಂಬರ್ ಓದಿ ಬ್ಯಾಗನ್ನು ಆ ವಿಮಾನದ ಕಡೆಗೆ ತಿರುಗಿಸುತ್ತದೆ. ಬ್ಯಾಗ್ ಕೈಗೆ ಬಂದಾಗ, ವಿಮಾನಕ್ಕೆ ಹತ್ತಿಸುವಾಗ, ವಿಮಾನ ಬದಲಿಸುವಾಗ, ಕೊನೆಗೆ ಇಳಿಸಿಕೊಡುವಾಗ, ಹೀಗೆ ನಾಲ್ಕು ಕಡೆ ಲೆಕ್ಕ ಇಡಬೇಕು ಎಂದು ವಿಮಾನ ಕಂಪನಿಗಳ ಸಂಘ ಐಯಾಟಾ 2018ರ ಜೂನ್‌ನಿಂದ ನಿಯಮ ಮಾಡಿದೆ. ಹಾಗಾಗಿ ಬ್ಯಾಗ್ ದುಬೈಯಲ್ಲೇ ಉಳಿಯಿತಾ, ವಿಮಾನ ಹತ್ತಿತಾ ಎಂಬುದು ಸಾಮಾನ್ಯವಾಗಿ ಗೊತ್ತಾಗುತ್ತದೆ. ಆದರೆ ಹುಡುಕಾಟ ಶುರುವಾಗುವುದು ನಿಮ್ಮ ದೂರು ದಾಖಲಾದ ಮೇಲೆಯೇ.

ಆ ದೂರಿಗೆ ಪಿಐಆರ್ ಎನ್ನುತ್ತಾರೆ. ಬೆಲ್ಟ್ ಪಕ್ಕದ ಕೌಂಟರಿನಲ್ಲಿ ಬರೆಸಿ, ಅದರ ನಂಬರ್ ಕೈಗೆ ಬರದೆ ಹೊರಗೆ ಕಾಲಿಡಬೇಡಿ. ಮಂಗಳೂರಿನದಾದರೆ ಐಎಕ್ಸ್‌ಇ, ನಂತರ ಕಂಪನಿಯ ಎರಡಕ್ಷರ, ಆಮೇಲೆ ಐದು ಅಂಕಿ. ಅದು ಸಾಮಾನ್ಯವಾಗಿ ವರ್ಲ್ಡ್‌ಟ್ರೇಸರ್ ಎಂಬ ವ್ಯವಸ್ಥೆಗೆ ಸೇರುತ್ತದೆ. ಯಾವುದೋ ಊರಿನಲ್ಲಿ ವಾರಸುದಾರರಿಲ್ಲದೆ ಬಿದ್ದ ಬ್ಯಾಗಿನ ವಿವರವನ್ನೂ ಅದಕ್ಕೇ ಹಾಕುತ್ತಾರೆ. ಎರಡನ್ನೂ ಅದು ತಾಳೆ ನೋಡುತ್ತದೆ. ಬಣ್ಣ, ಚಕ್ರ, ಕಂಪನಿ, ಒಳಗೆ ಏನಿತ್ತು ಎಂಬುದನ್ನು ಸರಿಯಾಗಿ ಹೇಳಿ. ಕಪ್ಪು ಬ್ಯಾಗ್ ಅಂದರೆ ಸಾಲದು, ಕಪ್ಪು ಬ್ಯಾಗ್ ಸಾವಿರ ಇರುತ್ತವೆ. ವಿದೇಶ ಪ್ರಯಾಣದಲ್ಲಿ 21 ದಿನ ಕಳೆದರೂ ಬ್ಯಾಗ್ ಬರದಿದ್ದರೆ ಕಳೆದುಹೋಗಿದೆ ಎಂದು ಪರಿಹಾರ ಕೇಳಬಹುದು. ಬಂದ ಬ್ಯಾಗ್ ಒಡೆದಿದ್ದರೆ 7 ದಿನದೊಳಗೆ ಬರೆದುಕೊಡಬೇಕು.

ಇನ್ನೊಂದು. ಹಳೆಯ ಪ್ರಯಾಣದ ಟ್ಯಾಗು, ಸಣ್ಣ ಸ್ಟಿಕ್ಕರು ಎಲ್ಲ ಕಿತ್ತು ತೆಗೆಯಿರಿ. ಗಲ್ಫ್‌ನಿಂದ ಬಂದ ಬ್ಯಾಗುಗಳ ಮೇಲೆ ಮೂರು-ನಾಲ್ಕು ಬಾರ್‌ಕೋಡ್ ಅಂಟಿಕೊಂಡಿರುವುದನ್ನು ದಿನಾ ನೋಡುತ್ತೇನೆ. ಸ್ಕ್ಯಾನರ್ ಹಳೆಯದನ್ನೇ ಓದಿದರೆ ಬ್ಯಾಗ್ ಬದಿಗೆ ಬೀಳುತ್ತದೆ. ಆಮೇಲೆ ಯಾರಾದರೂ ಕೈಯಲ್ಲಿ ಎತ್ತಿ ನೋಡುವಷ್ಟರಲ್ಲಿ ನಿಮ್ಮ ವಿಮಾನ ಹೋಗಿರುತ್ತದೆ.

ಪ್ರಶ್ನೆ (ಹೊನ್ನಾವರದಿಂದ): 2024ರ ಜುಲೈ 19ರಂದು ನಾನು ದೆಹಲಿಯಿಂದ ಊರಿಗೆ ಹೊರಟಿದ್ದೆ. ಮೂರು ದಿನದ ಹಿಂದಷ್ಟೇ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿತ್ತು. ಹಾಗಾಗಿ ಗೋವಾ ಬಿಟ್ಟು ಮಂಗಳೂರಿಗೆ ಟಿಕೆಟ್ ಮಾಡಿಸಿದ್ದೆ. ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಬರೆದುಕೊಟ್ಟ ಮೇಲೂ ವಿಮಾನ ಗಂಟೆಗಟ್ಟಲೆ ಹೊರಡಲಿಲ್ಲ. ಯಾಕೆ?

ಉತ್ತರ: ಆ ದಿನ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷವಿದ್ದ ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಹೆಚ್ಚಿನ ಕಡೆ ಒಂದೊಂದೇ ಯಂತ್ರದ ಮುಂದೆ ಕೂತು ಸರಿ ಮಾಡಬೇಕಾಯಿತು. ಹಾರುವ ವಿಮಾನಕ್ಕೆ ಏನೂ ಆಗಿರಲಿಲ್ಲ. ನಿಂತದ್ದು ನೆಲದ ಮೇಲಿನ ಕೆಲಸ.

ಪಾಸ್ ಬರೆಯುವುದು ಸುಲಭ. ಆದರೆ ಚೆಕ್-ಇನ್ ಕಂಪ್ಯೂಟರ್ ಪಾಸ್ ಕೊಡುವುದರ ಜೊತೆಗೆ ಬೇರೆ ಲೆಕ್ಕವನ್ನೂ ಇಡುತ್ತದೆ. ಯಾವ ಸೀಟಿನಲ್ಲಿ ಯಾರು, ಕೆಳಗೆ ಎಷ್ಟು ಬ್ಯಾಗ್, ಎಷ್ಟು ಭಾರ, ಮುಂದೆ ಜಾಸ್ತಿಯಾ ಹಿಂದೆ ಜಾಸ್ತಿಯಾ. ಇದನ್ನೆಲ್ಲ ಸೇರಿಸಿ ಲೋಡ್‌ಶೀಟ್ ಆಗುತ್ತದೆ. ಅದು ಕ್ಯಾಪ್ಟನ್ ಕೈಗೆ ಸಿಗದೆ ವಿಮಾನ ಹೊರಡುವ ಹಾಗಿಲ್ಲ. ಬ್ಯಾಗ್ ಕೊಟ್ಟವರೊಬ್ಬರು ಗೇಟಿಗೆ ಬರದಿದ್ದರೆ ಅವರ ಬ್ಯಾಗನ್ನು ಹುಡುಕಿ ಕೆಳಗಿಳಿಸಬೇಕು. ಅವತ್ತು ಇದೆಲ್ಲ ಕಾಗದ-ಪೆನ್ನಿನಲ್ಲಿ ನಡೆಯಿತು. ನಿಧಾನವಾದರೂ ಸರಿಯಾಗಿ ಎಣಿಸಿ ಕಳಿಸಿದ ನೆಲದ ಸಿಬ್ಬಂದಿ ಬಗ್ಗೆ ನನಗೆ ತುಂಬಾ ಗೌರವ ಇದೆ. ಅವರು ಆ ದಿನ ಬೈಸಿಕೊಂಡದ್ದೇ ಹೆಚ್ಚು.

ಪ್ರಶ್ನೆ (ಶಿರಸಿಯಿಂದ, ಕಾಲೇಜು ವಿದ್ಯಾರ್ಥಿನಿ): ಸರ್, ಫೋನಿನಲ್ಲಿ ಡಿಜಿ ಯಾತ್ರಾ ಆ್ಯಪ್ ಹಾಕಿಕೊಳ್ಳಲೇಬೇಕಾ?

ಉತ್ತರ: ಕಡ್ಡಾಯ ಅಲ್ಲ ತಂಗಿ. 2022ರ ಡಿಸೆಂಬರ್‌ನಲ್ಲಿ ದೆಹಲಿ, ಬೆಂಗಳೂರು, ವಾರಾಣಸಿಯಲ್ಲಿ ಶುರುವಾಯಿತು. ಮುಖವೇ ಗುರುತು, ಗೇಟು ತೆರೆಯುತ್ತದೆ. ವಿವರ ನಿಮ್ಮ ಫೋನಿನಲ್ಲೇ ಇರುತ್ತದೆ, ನಿಲ್ದಾಣಕ್ಕೆ ಕಳಿಸಿದ್ದು ವಿಮಾನ ಹೊರಟು 24 ತಾಸಿನೊಳಗೆ ಅಳಿಸಬೇಕು ಎಂಬುದು ಅವರ ನಿಯಮ. ಬೇಡವಾದರೆ ಗುರುತಿನ ಚೀಟಿ ತೋರಿಸಿ ಮಾಮೂಲಿ ಸಾಲಿನಲ್ಲಿ ಹೋಗಿ. ಹಾಕಿಕೊಂಡರೂ ಗುರುತಿನ ಚೀಟಿ ಜೊತೆಗಿರಲಿ.

ಪ್ರಶ್ನೆ (ಅಂಕೋಲೆಯಿಂದ): ವಿಮಾನ ತಡವಾದರೆ ಮೆಸೇಜ್ ಬರುತ್ತದೆ ಅಂತಾರೆ. ನನಗೆ ಒಮ್ಮೆಯೂ ಬಂದಿಲ್ಲ ಮಾರಾಯ್ರೇ. ದಾಬೋಲಿಂಗೆ ಹೋಗಿ ಕೂತ ಮೇಲೇ ಬೋರ್ಡ್ ನೋಡಿ ಗೊತ್ತಾಗುವುದು.

ಉತ್ತರ: ಟಿಕೆಟ್ ಏಜೆಂಟರ ಹತ್ತಿರ ಮಾಡಿಸುತ್ತೀರಾ? ಹಾಗಾದರೆ ಪಿಎನ್‌ಆರ್‌ನಲ್ಲಿ ಅವರ ನಂಬರೇ ಇರಬಹುದು. ಮೆಸೇಜ್ ಅವರಿಗೆ ಹೋಗುತ್ತದೆ. ಟಿಕೆಟ್ ಕೈಗೆ ಬಂದ ದಿನವೇ ಕಂಪನಿಯ ವೆಬ್‌ಸೈಟಿನಲ್ಲಿ ಪಿಎನ್‌ಆರ್ ಹಾಕಿ ನಿಮ್ಮ ಮೊಬೈಲ್ ನಂಬರ್ ಸೇರಿಸಿ.

ಮಳೆಗಾಲದಲ್ಲಿ ಇನ್ನೊಂದು ಉಪಾಯ. ನೀವು ಹತ್ತುವ ವಿಮಾನ ಬೇರೆ ಊರಿನಿಂದ ಬರಬೇಕು ಅಲ್ವಾ? ಬಹಳಷ್ಟು ವಿಮಾನಗಳು ತಾವೆಲ್ಲಿದ್ದೇವೆ ಎಂದು ರೇಡಿಯೋದಲ್ಲಿ ಹೇಳುತ್ತಲೇ ಇರುತ್ತವೆ. ಅದನ್ನು ಹಿಡಿದು ಫ್ಲೈಟ್‌ರೇಡಾರ್24 ಥರದ ಆ್ಯಪ್‌ಗಳು ನಕ್ಷೆಯಲ್ಲಿ ತೋರಿಸುತ್ತವೆ. ಬರಬೇಕಾದ ವಿಮಾನ ಇನ್ನೂ ಮುಂಬೈಯಲ್ಲೇ ನಿಂತಿದ್ದರೆ ನಿಮ್ಮದು ತಡ ಎಂದೇ ಅರ್ಥ. ಹಾಗಂತ ಮನೆಯಿಂದ ತಡವಾಗಿ ಹೊರಡಬೇಡಿ. ಕಂಪನಿ ಸಮಯ ಬದಲಿಸಿಲ್ಲ ಎಂದಾದರೆ ಕೌಂಟರ್ ಮುಚ್ಚುವುದು ಮೊದಲಿನ ಹೊತ್ತಿಗೇ.

ಪ್ರಶ್ನೆ (ಅಂಕೋಲೆಯಿಂದ): ಈಗಷ್ಟೇ ನೋಡಿದೆ, ಮುಂದಿನ ತಿಂಗಳ ಟಿಕೆಟ್‌ನಲ್ಲೂ ಏಜೆಂಟರದೇ ನಂಬರ್. ಮಗನದು ಹಾಕಲಾ, ನನ್ನದು ಹಾಕಲಾ?

ಉತ್ತರ: ನಿಮ್ಮದೇ ಹಾಕಿ. ಪ್ರಯಾಣದ ದಿನ ಯಾರ ಫೋನ್ ಟ್ಯಾಕ್ಸಿಯಲ್ಲಿ ಇರುತ್ತದೋ ಅವರದು. ಮಗನ ಇಮೇಲ್ ಬೇಕಾದರೆ ಸೇರಿಸಿ.