ಎರಡು ದಿನ ಸಾಗರದ ಕಡೆ ಗಾಳ ಹಾಕ್ಬೇಕು, ಇದುವರೆಗೂ ಹಿಡೀದೇ ಇರೋ ಜಾತಿ ಮೀನು ಎಲ್ಲಿ ಸಿಗ್ತವೆ?

ಬೆಂಡು_ಮುಳುಗ್ತು:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಶುಕ್ರವಾರ ರಾತ್ರಿ ತಾಳಗುಪ್ಪ ಟ್ರೈನ್ ಹತ್ತಿ ಸಾಗರಕ್ಕೆ ಹೋಗ್ತಿದೀನಿ, ಅಲ್ಲಿಂದ ಒಳಗೆ ಚಿಕ್ಕಪ್ಪನ ಮನೆ ಇದೆ. ಶನಿವಾರ ಭಾನುವಾರ ಪೂರ್ತಿ ನಂದೇ, ಮದುವೆ ಮುಂಜಿ ಏನೂ ಇಲ್ಲ, ಬರೀ ಗಾಳ.

ನಾನು ಆರು ವರ್ಷದಿಂದ ಗಾಳ ಹಾಕ್ತಿದೀನಿ, ಹಿಡಿದ ಜಾತಿಗಳನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರ್ಕೊಂಡು ಬಂದಿದೀನಿ. ಇದುವರೆಗೆ ಒಂಬತ್ತು. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಜಿಲೇಬಿ (ತಿಲಾಪಿಯಾ), ಆಫ್ರಿಕನ್ ಕ್ಯಾಟ್‌ಫಿಶ್, ಕೊರವ, ಚಪ್ಪಲಿ ಮೀನು. ಎಲ್ಲಾ ಬೆಂಗಳೂರು ಸುತ್ತಮುತ್ತ ಕೆರೆಗಳಲ್ಲಿ, ದುಡ್ಡು ಕೊಟ್ಟು ಗಾಳ ಹಾಕೋ ಕೊಳಗಳಲ್ಲಿ, ಮತ್ತೆ ಎರಡು ಸಲ ಕೆಆರ್‌ಎಸ್ ಹಿನ್ನೀರಲ್ಲಿ ಸಿಕ್ಕಿದ್ದು. ಹೋದ ತಿಂಗಳು ಆ ಲಿಸ್ಟ್ ನೋಡ್ತಾ ಕೂತಿದ್ದೆ, ಆಗ ಹೊಳೀತು. ಕಾಟ್ಲಾ ರೋಹು ಮೃಗಾಲ್ ಗಂಗೆ ಕಡೆಯವು, ಹುಲ್ಲುಗೆಂಡೆ ಚೀನಾದ್ದು, ಜಿಲೇಬಿ ಆಫ್ರಿಕಾದಿಂದ 1952ರಲ್ಲಿ ಭಾರತಕ್ಕೆ ಬಂದಿದ್ದು, ಸಾಮಾನ್ಯ ಗೆಂಡೆನೂ ಹೊರಗಿಂದೇ, ಕ್ಯಾಟ್‌ಫಿಶ್ ಬಗ್ಗೆ ಹೇಳೋದೇ ಬೇಡ. ಒಂಬತ್ತರಲ್ಲಿ ಏಳು ಯಾರೋ ತಂದು ಬಿಟ್ಟಿದ್ದು! ಕಾವೇರಿ ನೀರು ಕುಡ್ಕೊಂಡು ಬೆಳ್ದಿದೀನಿ, ಆರು ವರ್ಷ ಗಾಳ ಹಾಕಿದೀನಿ, ನಮ್ಮ ನೀರಿಂದೇ ಆದ ಮೀನು ಎರಡೇ ಎರಡು. ಮನಸ್ಸಿಗೆ ಒಂಥರಾ ಆಯ್ತು.

ಅದಕ್ಕೇ ಈ ಸಲ ದೊಡ್ಡ ಮೀನಿನ ಆಸೆ ಇಲ್ಲ. ನಮ್ಮಲ್ಲೇ ಹುಟ್ಟಿ ನಮ್ಮಲ್ಲೇ ಇರೋ ಜಾತಿಗಳು ಬೇಕು, ಐದು ಸಿಕ್ರೆ ಸಾಕು. ಲಿಂಗನಮಕ್ಕಿ ಹಿನ್ನೀರಿಗೆ ಹೋಗ್ಲಾ, ಇಲ್ಲ ಬೇರೆ ಎಲ್ಲಾದ್ರೂ? ನನ್ನ ಹತ್ರ 8 ಅಡಿ ರಾಡ್, ರೀಲು, 4ನೇ ನಂಬರ್ ಗಾಳಗಳು, ನಾಲ್ಕೈದು ಲ್ಯೂರ್ (ನಕಲಿ ಎರೆ) ಇದೆ. ಮೀನು ತಿನ್ನೋಕಲ್ಲ, ನೋಡಿ ಫೋಟೋ ತೆಗ್ದು ವಾಪಸ್ ಬಿಡೋಕೆ.

ಹಳ್ಳದ_ದಡ (ಸಾಗರ):

ಬನ್ನಿ ಬನ್ನಿ. ಮೊದ್ಲು ಒಂದು ಮಾತು, ಆ ರಾಡು ರೀಲು ಬೆಂಗಳೂರಲ್ಲೇ ಬಿಟ್ಟು ಬನ್ನಿ. ಹಿನ್ನೀರಲ್ಲಿ ನಿಮಗೆ ಸಿಗೋದು ಮತ್ತೆ ಅದೇ ಕಾಟ್ಲಾ, ಅದೇ ರೋಹು, ಅದೇ ಜಿಲೇಬಿ. ಡ್ಯಾಮ್ ಆಗಿದ್ದು 1964ರಲ್ಲಿ, ಆಮೇಲೆ ಇಲಾಖೆಯವ್ರು ಬಿತ್ತನೆ ಮರಿ ಬಿಡ್ತಾನೇ ಬಂದಿದಾರೆ, ಹಿನ್ನೀರಲ್ಲಿ ಬಲೆ ಹಾಕೋರ ಹೊಟ್ಟೆಪಾಡು ಅದ್ರಲ್ಲೇ ನಡೆಯೋದು, ಅದು ತಪ್ಪು ಅಂತ ನಾನು ಹೇಳ್ತಿಲ್ಲ. ಆದ್ರೆ ನಿಮಗೆ ಬೇಕಾಗಿರೋದು ಅಲ್ಲಿಲ್ಲ.

ನಿಮಗೆ ಬೇಕಾಗಿರೋದು ಹಳ್ಳದಲ್ಲಿದೆ. ಚಿಕ್ಕಪ್ಪನ ಅಡಿಕೆ ತೋಟದ ಕೆಳಗೆ ಮೊಣಕಾಲುದ್ದ ನೀರು ಹರಿಯೋ ಹಳ್ಳ ಇದ್ದೇ ಇರುತ್ತೆ ನೋಡಿ, ಅಲ್ಲಿ. ಅಲ್ಲಿ ಇರೋ ಮೀನುಗಳು ನಿಮ್ಮ ಬೆರಳಿನಷ್ಟೇ, ಕೆಲವು ಅದಕ್ಕಿಂತ ಚಿಕ್ಕವು, ಅದಕ್ಕೆ 4ನೇ ನಂಬರ್ ಗಾಳ ಬಾಯೊಳಗೇ ಹೋಗಲ್ಲ. 18 ಇಲ್ಲ 20ನೇ ನಂಬರ್ ತಗೊಳ್ಳಿ, ನಂಬರ್ ಜಾಸ್ತಿ ಆದಷ್ಟೂ ಗಾಳ ಚಿಕ್ಕದು, ಆನ್‌ಲೈನಲ್ಲಿ ಸಿಗುತ್ತೆ. ದಾರ ಕೂದಲೆಳೆ ಥರ ತೆಳ್ಳಗಿರ್ಲಿ. ಕೋಲಿಗೆ ಇಲ್ಲೇ ವಾಟೆ ಬಿದಿರು ಕಡ್ಕೊಳಿ, ಅದ್ರಷ್ಟು ಹಗುರ ಯಾವ ಕಂಪನಿ ರಾಡೂ ಇಲ್ಲ. ಬೆಂಡಿಗೆ ನವಿಲುಗರಿ ಕಡ್ಡಿ ಒಂದು ಇಂಚು ಸಾಕು, ಸೀಸದ ಗುಂಡು ಸಾಸಿವೆಕಾಳಿನಷ್ಟು. ಎರೆಹುಳನ ಪೂರ್ತಿ ಸಿಗಿಸ್ಬೇಡಿ, ಬಾಲದ ತುದಿ ಅಕ್ಕಿಕಾಳಿನಷ್ಟು ತುಂಡು ಸಾಕು. ಚಪಾತಿ ಹಿಟ್ಟು ಚೂರು ಅರಿಶಿಣ ಹಾಕಿ ಗಟ್ಟಿಯಾಗಿ ಕಲಸ್ಕೊಂಡು ಹೋಗಿ, ಅದೂ ನಡೆಯುತ್ತೆ.

ಎಲ್ಲಿ ಹಾಕೋದು ಅಂದ್ರೆ, ನೀರು ಕಲ್ಲು ಹಾರಿ ಗುಂಡಿಗೆ ಬೀಳೋ ಜಾಗ ಇರುತ್ತಲ್ಲ, ನೊರೆ ಮುಗಿದು ನೀರು ನಿಧಾನ ಆಗೋ ಗೆರೆ, ಅಲ್ಲಿ ಮೈಮೇಲೆ ಕಪ್ಪು ಗೆರೆ ಇರೋ ರಾಸ್ಬೋರಾ ಇರ್ತವೆ. ಗುಂಡಿ ಮಧ್ಯೆ ಸ್ವಲ್ಪ ಆಳದಲ್ಲಿ ಬಾಲದ ಹತ್ರ ಕಪ್ಪು ಬೊಟ್ಟು ಇರೋದು, ಗಂಡಾದ್ರೆ ಬೆನ್ನಿನ ರೆಕ್ಕೆಯಿಂದ ದಾರದ ಥರ ಎಳೆಗಳು ಬಂದಿರ್ತವೆ, ಅದು ಡಾಕಿನ್ಸಿಯಾ. ರಭಸ ಇರೋ ಕಡೆ ಕಲ್ಲಿಗೆ ಅಂಟ್ಕೊಂಡಿರೋದು ಗಾರಾ, ಕೆಳದವಡೆಲಿ ಹೀರು ಬಟ್ಟಲು ಥರ ಇರುತ್ತೆ, ನಾವು ಚಿಕ್ಕೋರಿದ್ದಾಗ ಕಲ್ಲುಮೀನು ಅಂತಿದ್ವಿ. ಅದನ್ನ ಗಾಳಕ್ಕೆ ಬೀಳ್ಸೋದು ಕಷ್ಟ, ಪಾಚಿ ಕೆರ್ಕೊಂಡು ತಿನ್ನೋ ಮೀನು ಅದು, ಹಿಟ್ಟನ್ನ ಕಲ್ಲಿಗೆ ತಾಗಿಸಿ ಇಟ್ಟು ಅಲ್ಲಾಡದೆ ಕಾಯ್ಬೇಕು.

ಜೂನಲ್ಲಿ ಬಂದಿದ್ರೆ ಮೀನು ಹತ್ತೋದನ್ನ ನೋಡ್ತಿದ್ರಿ, ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ಇಡೋಕೆ ಹತ್ಕೊಂಡು ಬರ್ತಾವೆ. ಮೊದ್ಲು ಕೂಣಿ (ಮೀನು ಹಿಡಿಯೋ ಬಿದಿರಿನ ಬುಟ್ಟಿ) ಇಟ್ಟು ಹಿಡೀತಿದ್ರು, ನಮ್ಮಪ್ಪನೂ ಹಿಡಿದವ್ರೇ. ಈಗ ನಾನು ಇಡಲ್ಲ. ಮೊಟ್ಟೆ ತುಂಬ್ಕೊಂಡು ಬರೋ ಮೀನನ್ನ ದಾರಿಲೇ ಹಿಡಿದ್ರೆ ಮುಂದಿನ ವರ್ಷ ಹತ್ತೋಕೆ ಯಾವುದಿರುತ್ತೆ?

ತುಂಗಾತೀರ:

ಹಳ್ಳದ ದಡ ಅಣ್ಣ ಹೇಳಿದ್ದು ಸರಿ, ಆದ್ರೆ ಪರ್ಮಿಷನ್ ವಿಷ್ಯ ಯಾರೂ ಎತ್ತಿಲ್ಲ, ಅದಕ್ಕೆ ಬರೀತಿದೀನಿ. ಆ ಕಡೆ ತುಂಬಾ ಜಾಗ ಶರಾವತಿ ಅಭಯಾರಣ್ಯದೊಳಗೆ ಬರುತ್ತೆ, ಕೊಲ್ಲೂರು ಕಡೆ ಇಳಿದ್ರೆ ಮೂಕಾಂಬಿಕಾ ಅಭಯಾರಣ್ಯ. ಅದ್ರೊಳಗೆ ಚಿಕ್ಕ ಗಾಳ ದೊಡ್ಡ ಗಾಳ ಅಂತ ಇಲ್ಲ, ವಾಪಸ್ ಬಿಡ್ತೀನಿ ಅಂದ್ರೂ ಇಲ್ಲ, ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪೇ. ಕಾವೇರಿಯಲ್ಲಿ ಭೀಮೇಶ್ವರಿ, ಗಾಲಿಬೋರೆ ಕ್ಯಾಂಪ್‌ಗಳಲ್ಲಿ ಮಶೀರ್ ಅನ್ನೋ ದೊಡ್ಡ ಹೊಳೆಮೀನಿಗೆ ಗಾಳ ಹಾಕೋದು ನಿಂತಿದ್ದೂ ಅದು ಅಭಯಾರಣ್ಯದೊಳಗೆ ಇದೆ ಅನ್ನೋ ಕಾರಣಕ್ಕೇ. ಅದಕ್ಕೆ ಚಿಕ್ಕಪ್ಪನ್ನ ಕರ್ಕೊಂಡು ಹೋಗಿ ಗಡಿ ಎಲ್ಲಿದೆ ಅಂತ ಕೇಳ್ಕೊಳಿ, ಊರಿನವ್ರಿಗೆ ಗೊತ್ತಿರುತ್ತೆ, ಇಲ್ಲಾಂದ್ರೆ ಫಾರೆಸ್ಟ್ ಆಫೀಸಲ್ಲೇ ಕೇಳಿ. ಹೊರಗಿನ ಹೊಳೆ, ಕೆರೆ ಆದ್ರೆ ತಾಲ್ಲೂಕು ಮೀನುಗಾರಿಕೆ ಆಫೀಸಲ್ಲಿ ಕೇಳಿ, ಕೆರೆಗಳನ್ನ ಟೆಂಡರ್ ಕೊಟ್ಟಿರ್ತಾರೆ, ಟೆಂಡರ್ ಹಿಡಿದವ್ರು ಬೇರೆ, ಗಾಳ ಹಾಕಿದವ್ರು ಬೇರೆ ಅಂತ ಜಗಳ ಆಗ್ಬಾರ್ದು.

ಇನ್ನೊಂದು. ದೇವಸ್ಥಾನದ ಗುಂಡಿ ಹತ್ರ ರಾಡ್ ಬಿಚ್ಚಲೂ ಬೇಡಿ. ಶೃಂಗೇರಿ, ನಮ್ಮ ತೀರ್ಥಹಳ್ಳಿ ಹತ್ರ ಚಿಪ್ಪಲಗುಡ್ಡೆ ಮತ್ಸ್ಯಧಾಮ, ಶಿಶಿಲ, ಇಲ್ಲೆಲ್ಲ ದೇವರ ಮೀನು ಅಂತ ಉಳಿಸ್ಕೊಂಡು ಬಂದಿದಾರೆ. ನಾನು ಚಿಕ್ಕವಳಿದ್ದಾಗ ಚಿಪ್ಪಲಗುಡ್ಡೆಲಿ ಮಂಡಕ್ಕಿ ಹಾಕಿದ್ರೆ ತೋಳುದ್ದ ಮಶೀರ್‌ಗಳು ಒಂದ್ರ ಮೇಲೊಂದು ಬಿದ್ದು ಬರ್ತಿದ್ವು, ಅವುಗಳ ಬೆನ್ನು ನೀರಿನ ಮೇಲೆ ಕಾಣ್ತಿತ್ತು. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಿದ್ದು ಕೇಳಿದೀರಲ್ಲ, ಆ ನೆನಪಿಗೆ ಅಲ್ಲಿ ಸ್ಮಾರಕನೇ ಕಟ್ಟಿದಾರೆ. ಮೀನಿಗೆ ಸ್ಮಾರಕ ಕಟ್ಟಿರೋ ಜನ ನಾವು ಅಂತ ನನಗೆ ಈಗ್ಲೂ ಹೆಮ್ಮೆ.

ಕುಮಾರಧಾರಾ_ಹುಡುಗ:

ಸಾಗರಕ್ಕೆ ಹೋಗಿ ಮಾರಾಯ್ರೆ, ಆದ್ರೆ ಇನ್ನೊಂದು ಸಲ ನಮ್ಮ ಕಡೆಗೂ ಬನ್ನಿ. ನಮ್ಮಲ್ಲಿ ನೇತ್ರಾವತಿ, ಕುಮಾರಧಾರಾದಲ್ಲಿ ಒಂದು ಮೀನು ಉಂಟು, ಎಟ್ರೋಪ್ಲಸ್ ಕ್ಯಾನರೆನ್ಸಿಸ್. ಕೇರಳದವ್ರ ಕರಿಮೀನ್ ಉಂಟಲ್ಲ, ಅದರ ತಮ್ಮ. ಮೈಯೆಲ್ಲ ಬಿಳಿ ಚುಕ್ಕೆ, ಪಟ್ಟೆ. ಹೆಸರಲ್ಲೇ ಕೆನರಾ ಉಂಟು ನೋಡಿ, 1877ರಲ್ಲೇ ಹೆಸರಿಟ್ಟದ್ದು, ದಕ್ಷಿಣ ಕನ್ನಡ, ಅದರ ಸುತ್ತಮುತ್ತಲಿನ ಹೊಳೆ ಬಿಟ್ರೆ ಪ್ರಪಂಚದಲ್ಲಿ ಬೇರೆ ಎಲ್ಲಿಯೂ ಇಲ್ಲ ಅಂತಲೇ ಹೇಳ್ತಾರೆ. ಈಗ ಅಳಿವಿನ ಅಂಚಿನ ಪಟ್ಟಿಯಲ್ಲಿ ಉಂಟು, ಹಾಗಾಗಿ ನಾನು ಅದಕ್ಕೆ ಗಾಳ ಹಾಕುವುದಿಲ್ಲ. ಬೇಸಿಗೆಯಲ್ಲಿ ನೀರು ಕನ್ನಡಿ ಹಾಗೆ ಇರ್ತದೆ, ಈಜುವ ಕನ್ನಡಕ ಹಾಕಿ ಮುಖ ಮುಳುಗಿಸಿದ್ರೆ ಜೋಡಿ ಜೋಡಿಯಾಗಿ ಮರಿಗಳನ್ನು ಕಾಯ್ತಾ ಇರುವುದು ಕಾಣ್ತದೆ. ನಿಮ್ಮ ಪುಸ್ತಕದಲ್ಲಿ ನೋಡಿದ್ದು ಅಂತ ಒಂದು ಬೇರೆ ಪುಟ ಮಾಡಿ, ಅದರಲ್ಲಿ ಬರೀರಿ.

ಹಾಗೆಯೇ, ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವ ಹಾಗೆ ಕಂಡ್ರೆ ಅಲ್ಲಿ ಲ್ಯೂರ್ ಹಾಕ್ಬೇಡಿ. ಅದು ಕೊರವನ ಮರಿಗಳು, ಕೆಳಗೆ ಅಪ್ಪ ಅಮ್ಮ ಕಾಯ್ತಾ ಇರ್ತಾವೆ. ಸಿಟ್ಟಿಗೆ ಲ್ಯೂರ್ ಹಿಡಿಯುವುದು ಖಂಡಿತ, ಆದ್ರೆ ನೀವು ದೊಡ್ಡದನ್ನು ಹಿಡಿದು ಫೋಟೋ ತೆಗೆಯುವಷ್ಟರಲ್ಲಿ ಮರಿಗಳನ್ನು ಬೇರೆ ಮೀನು ಖಾಲಿ ಮಾಡಿ ಆಗಿರ್ತದೆ.

ಮೀನ್_ನೋಟ:

ನಾನು ಮೀನಿನ ಮೇಲೇ ಎಂಎಸ್ಸಿ ಮಾಡಿದ್ದು, ಹಾಗಾಗಿ ಎರಡು ಮಾತು. ನೀವು ಹೋಗ್ತಿರೋ ಶರಾವತಿ ಹೊಳೆಸಾಲಲ್ಲೇ ವಿಜ್ಞಾನಕ್ಕೇ ಹೊಸದಾದ ಎರಡು ಮೀನು ಸಿಕ್ಕಿವೆ, ಅದೂ ಮೊನ್ನೆ ಮೊನ್ನೆ. 2004ರಲ್ಲಿ ಬಟಾಸಿಯೋ ಶರಾವತಿಯೆನ್ಸಿಸ್ ಅಂತ ಮೀಸೆ ಮೀನು, 2006ರಲ್ಲಿ ಶಿಸ್ಟುರಾ ನಾಗೋಡಿಯೆನ್ಸಿಸ್, ಇದು ಕಲ್ಲಿನ ಸಂದಿಲಿರೋ ಲೋಚ್ ಜಾತಿದು, ಹೆಸರು ಬಂದಿದ್ದು ನಾಗೋಡಿಯಿಂದ. ಊರಿನ ಹೆಸರು ಹೊತ್ಕೊಂಡಿರೋ ಮೀನು! ಹಳ್ಳದಲ್ಲಿ ಬಟ್ಟೆ ಒಗೆಯೋರ ಕಾಲಡಿಲೇ ಇದ್ದಿರ್ಬೇಕು ಅವು, ಯಾರೂ ಬಗ್ಗಿ ನೋಡಿರ್ಲಿಲ್ಲ.

ಅದಕ್ಕೆ ಫೋಟೋ ಸರಿಯಾಗಿ ತೆಗೀರಿ. ಅಂಗೈಲಿ ಹಿಡ್ಕೊಂಡು ತೆಗೆದ ಫೋಟೋದಲ್ಲಿ ಗುರುತು ಹಿಡಿಯೋಕೆ ಆಗಲ್ಲ, ಕೈ ಬಿಸಿಗೆ ಮೀನಿಗೂ ಕಷ್ಟ. ಚಿಕ್ಕ ಗಾಜಿನ ಇಲ್ಲ ಅಕ್ರಿಲಿಕ್ ಡಬ್ಬಿ ತಗೊಳ್ಳಿ, ಎರಡು ಬೆರಳು ಅಗಲ ಸಾಕು, ಹಳ್ಳದ ನೀರೇ ತುಂಬಿ ಮೀನು ಬಿಟ್ಟು ಪಕ್ಕದಿಂದ ಒಂದು, ಮೇಲಿಂದ ಒಂದು, ಬಾಯಿ ಮೀಸೆ ಕಾಣೋ ಹಾಗೆ ಒಂದು. ಪಕ್ಕದಲ್ಲಿ ಸ್ಕೇಲ್ ಇಡಿ. ರೆಕ್ಕೆ ಬಿಚ್ಚಿರ್ಬೇಕು. ಒಂದು ನಿಮಿಷದಲ್ಲಿ ಮುಗ್ಸಿ ಅದೇ ಗುಂಡಿಗೆ ಬಿಡಿ. ಅದೇ ಗುಂಡಿಗೆ, ಬೇರೆ ಹಳ್ಳಕ್ಕಲ್ಲ. ಗಾಳದ ಒಳಮುಳ್ಳನ್ನ ಪ್ಲೈಯರ್‌ನಲ್ಲಿ ಒತ್ತಿ ಚಪ್ಪಟೆ ಮಾಡ್ಕೊಂಡಿದ್ರೆ ಬಿಡಿಸೋದು ಒಂದು ಸೆಕೆಂಡು. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ರೆ ಮಾತ್ರ ವಾಪಸ್ ಬಿಡ್ಬೇಡಿ.

ಮೀಸೆ ಮೀನು ಸಿಕ್ರೆ ಹುಷಾರು, ಗಿರ್ಲು, ಚೇಳುಮೀನು ಎರಡಕ್ಕೂ ಪಕ್ಕದ ರೆಕ್ಕೆಲಿ ಮುಳ್ಳಿರುತ್ತೆ. ಚೇಳುಮೀನು ಚುಚ್ಚಿದ್ರೆ ತಡ್ಕೊಳೋಕಾಗ್ದಷ್ಟು ನೋವು, ತಡೆಯೋವಷ್ಟು ಬಿಸಿನೀರಲ್ಲಿ ಕೈ ಅದ್ದಿಟ್ಕೊಳಿ, ನೋವು ಇಳಿಯುತ್ತೆ, ಊತ ಏರ್ತಿದ್ರೆ ಡಾಕ್ಟರ್ ಹತ್ರ ಹೋಗಿ.

ಕಾವೇರಿ_ಪಾಪಣ್ಣ:

ಇವೆಲ್ಲ ಸಣ್ಣಮೀನು ಬುಡಿ, ಒಂದ್ಸಲ ನಮ್ ಕಾವೇರಿ ಮಶೀರ್ ಹಿಡೀದೆ ಲಿಸ್ಟ್ ಹೆಂಗೆ ಪೂರ್ತಿ ಆಗುತ್ತೆ? ರಾಗಿಮುದ್ದೆ ಉಂಡೆ ಕಟ್ಟಿ ಹಾಕಿದ್ರೆ ರೀಲು ಸುಟ್ಟೋಗೋ ಹಂಗೆ ಎಳೀತಿತ್ತು ಅಂತ ನಮ್ಮ ಮಾವ ಹೇಳೋರು.

ಮೀನ್_ನೋಟ:

ಪಾಪಣ್ಣನವ್ರೆ, ನಿಮ್ಮ ಮಾವ ಹೇಳಿದ್ದು ನಿಜನೇ. ಆದ್ರೆ ಆ ಡುಬ್ಬದ ಮಶೀರ್, ಟಾರ್ ರೆಮಾದೇವಿ, 2018ರಲ್ಲಿ ತೀರಾ ಅಪಾಯದ ಅಂಚಿನ ಪಟ್ಟಿಗೆ ಸೇರಿದೆ. ಕಾವೇರಿ ಮತ್ತೆ ಅದ್ರ ಉಪನದಿ ಬಿಟ್ರೆ ಎಲ್ಲೂ ಇಲ್ಲ ಅದು. ಈಗ ಕಾವೇರಿಲಿ ಜಾಸ್ತಿ ಕಾಣೋ ನೀಲಿ ರೆಕ್ಕೆ ಮಶೀರ್ ಹೊರಗಿಂದ ಮರಿ ತಂದು ಬಿಟ್ಟಿದ್ದು. ಒಳ್ಳೇದು ಮಾಡೋಣ ಅಂತಲೇ ಬಿಟ್ಟಿದ್ದು, ಆದ್ರೆ ಡುಬ್ಬದ್ದು ಕಮ್ಮಿ ಆಗ್ತಾ ಹೋಯ್ತು. ಉಳ್ದಿರೋದನ್ನ ಹಾಗೇ ಬಿಡೋಣ.

ಕಾವೇರಿ_ಪಾಪಣ್ಣ:

ಇದು ಗೊತ್ತಿರ್ಲಿಲ್ಲ ಮೇಡಂ. ಎರಡೂ ಒಂದೇ ಅನ್ಕೊಂಡಿದ್ದೆ. ಮಾವನ ಹತ್ರ ಹಳೇ ಕಪ್ಪುಬಿಳುಪು ಫೋಟೋ ಒಂದಿದೆ, ಬೆನ್ನು ಎದ್ದಿರೋ ಮೀನೇ ಅದು. ಊರಿಗೆ ಹೋದಾಗ ತೆಗ್ದು ಹಾಕ್ತೀನಿ.

ಬೆಂಡು_ಮುಳುಗ್ತು:

ಹೋಗಿ ಬಂದೆ! ಸೋಮವಾರ ಬೆಳಿಗ್ಗೆ ಇಳ್ದು ಸೀದಾ ಆಫೀಸು, ಈಗ ಬರೀತಿದೀನಿ.

ಶನಿವಾರ ಬೆಳಿಗ್ಗೆ ಪೂರ್ತಿ ಒಂದೂ ಇಲ್ಲ. ಗಾಳ ಚಿಕ್ಕದಾದ್ರೂ ಎರೆಹುಳ ತುಂಡು ದೊಡ್ಡದು ಹಾಕ್ತಿದ್ದೆ, ಬೆಂಡು ಕುಣಿಯೋದು ಆದ್ರೆ ಬರೀ ಗಾಳ ವಾಪಸ್ ಬರೋದು. ಚಿಕ್ಕಪ್ಪ ಬಂದು ನೋಡಿ ಏನೂ ಹೇಳ್ಲಿಲ್ಲ, ಉಗುರಲ್ಲಿ ಹುಳನ ಚಿವುಟಿ ಕಾಲುಭಾಗ ಮಾಡಿ ಸಿಗ್ಸಿ ಕೊಟ್ರು. ಎರಡೇ ನಿಮಿಷ, ರಾಸ್ಬೋರಾ. ಮೈಮೇಲೆ ಗೆರೆ ಪೆನ್ನಲ್ಲಿ ಎಳ್ದಂಗೆ. ನಾಲ್ಕು ಇಂಚು ಮೀನು, ಆದ್ರೆ ಆರು ಕೆಜಿ ಕಾಟ್ಲಾ ಹಿಡಿದಾಗ ಕೈ ನಡುಗಿದ್ದಕ್ಕಿಂತ ಜಾಸ್ತಿ ನಡುಗ್ತು ನಂಗೆ. ಮಧ್ಯಾಹ್ನದೊಳಗೆ ಡಾಕಿನ್ಸಿಯಾ, ಬಿಸಿಲಿಗೆ ಬಾಲದ ತುದಿ ಕೆಂಪಗೆ ಹೊಳೀತಿತ್ತು. ಸಂಜೆ ತೋಟದ ಕಾಲುವೇಲಿ ಕೊಳೆತ ಸೋಗೆ ಅಡಿಯಿಂದ ಕೊರವದಲ್ಲೇ ಬೇರೆ ಪುಟ್ಟ ಜಾತಿ ಒಂದು, ರೆಕ್ಕೆ ಅಂಚು ಕಿತ್ತಳೆ, ಮೈ ನೀಲಿ, ಚನ್ನಾ ಗಚುವಾನೇ ಇರ್ಬೇಕು. ಚಿಕ್ಕಮ್ಮ ಅದನ್ನ ದಿನಾ ನೋಡ್ತಾರಂತೆ, ಪಾತ್ರೆ ತೊಳೆಯೋವಾಗ ಅನ್ನದ ಅಗುಳಿಗೆ ಬರುತ್ತಂತೆ.

ಭಾನುವಾರ ಗಾರಾಗೇ ಕೂತೆ. ಮೂರು ಗಂಟೆ. ಕಲ್ಲ ಮೇಲೆ ಹಿಟ್ಟಿಟ್ಟು ಕಾದು ಕಾದು ಕಾಲು ಜೋಮು ಹಿಡಿದಿತ್ತು, ಮೀನು ಬಂದು ಹಿಟ್ಟಿನ ಪಕ್ಕದ ಪಾಚಿ ಕೆರ್ಕೊಂಡು ಹೋಗೋದು ಕಣ್ಣಿಗೇ ಕಾಣ್ತಿತ್ತು. ಕೊನೆಗೂ ಒಂದು ಬಿತ್ತು. ಆ ದವಡೆ ಬಟ್ಟಲು ಡಬ್ಬಿ ಗಾಜಿಗೇ ಅಂಟ್ಕೊಂಡ್ಬಿಡ್ತು, ಕೆಳಗಿಂದ ಫೋಟೋ ಅದ್ಭುತವಾಗಿ ಬಂದಿದೆ.

ಐದನೇದು ಸಂಜೆ ಹೊತ್ತಿಗೆ, ಮೀಸೆ ಮೀನು, ನನ್ನ ಕಿರುಬೆರಳಿನಷ್ಟು. ಗಿರ್ಲು ಜಾತಿ ಅನ್ಸುತ್ತೆ, ಕಿವಿರಿನ ಹಿಂದೆ ಕಪ್ಪು ಮಚ್ಚೆ ಇದೆ. ಕತ್ತಲಾಗಿತ್ತು, ಫೋಟೋ ಮೇಲಿಂದ ಮಾತ್ರ ಬಂದಿದೆ. ಮೀನ್ ನೋಟ ಮೇಡಂ, ಇದ್ರಲ್ಲಿ ಏನಾದ್ರೂ ಹೇಳೋಕಾಗುತ್ತಾ?

ಮೀನ್_ನೋಟ:

ಮಿಸ್ಟಸ್, ಅಂದ್ರೆ ಗಿರ್ಲು ಗುಂಪು, ಅನ್ನೋವರೆಗೆ ಧೈರ್ಯವಾಗಿ ಹೇಳ್ತೀನಿ, ಅದಕ್ಕಿಂತ ಮುಂದೆ ಬೇಡ. ಬೆನ್ನಿನ ಹಿಂದಿನ ಕೊಬ್ಬಿನ ರೆಕ್ಕೆ ಎಷ್ಟು ಉದ್ದ, ಮೀಸೆ ಹಿಂದೆ ಎಲ್ಲಿವರೆಗೆ ಮುಟ್ಟುತ್ತೆ, ಇವೆರಡೂ ಪಕ್ಕದ ಫೋಟೋ ಇಲ್ದೆ ಕಾಣಲ್ಲ. ಉಳಿದ ನಾಲ್ಕೂ ಚೆನ್ನಾಗಿ ಬಂದಿವೆ, ಗಚುವಾ ಅನ್ಕೊಂಡಿದ್ದೂ ಸರಿ. ಗೊತ್ತಾ, ಅದ್ರಲ್ಲಿ ಗಂಡೇ ಮೊಟ್ಟೆ ಮರಿನ ಬಾಯಲ್ಲಿಟ್ಕೊಂಡು ಕಾಯೋದು. ಚಿಕ್ಕಮ್ಮನಿಗೆ ಹೇಳಿ, ಒಂದಿನ ಅನ್ನ ಹಾಕಿದ್ರೂ ತಿನ್ನದೆ ಗಂಟಲುಬ್ಬಿಸ್ಕೊಂಡು ನಿಂತಿದ್ರೆ ಬಾಯೊಳಗೆ ಮರಿ ಇದೆ ಅಂತ.

ಬೆಂಡು_ಮುಳುಗ್ತು:

ಹೇಳ್ದೆ, ಫೋನ್ ಮಾಡಿ. ಮಳೆಗಾಲದಲ್ಲಿ ಹಾಗೆ ನೋಡಿದೀನಿ, ಹುಷಾರಿಲ್ಲ ಅನ್ಕೊಂಡಿದ್ದೆ ಅಂದ್ರು. ನೋಟ್‌ಬುಕ್ಕಲ್ಲಿ ಹದಿಮೂರು ಆಯ್ತು, ಹದಿನಾಲ್ಕಕ್ಕೆ ಮಿಸ್ಟಸ್ ಅಂತ ಪೆನ್ಸಿಲ್ಲಲ್ಲಿ ಬರ್ದಿದೀನಿ. ಜನವರಿ ಕೊನೇಲಿ ಮತ್ತೆ ಅದೇ ಗುಂಡಿಗೆ ಹೋಗ್ತೀನಿ, ಈ ಸಲ ಟಾರ್ಚ್ ಜೊತೆಗೆ.