ಸಹಾಯ ಬೇಕು: ಕಾಫಿ ತೋಟಕ್ಕೆ ವಾಕಿಟಾಕಿ

ನಮಸ್ಕಾರ. ಸಕಲೇಶಪುರದ ಕಡೆ ನಮ್ಮ ತೋಟದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದೇ ಇಲ್ಲ. ಆನೆ ಬಂದರೆ ಕೆಳಗಿನ ಕೆಲಸದವರ ಲೈನ್ ಮನೆಗಳಿಗೆ ತಕ್ಷಣ ಹೇಳಬೇಕು. ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 446.0–446.2 ಮೆಗಾಹರ್ಟ್ಸ್‌ನ ಅರ್ಧ ವ್ಯಾಟ್ ಸೆಟ್. ಅಂಗಡಿಯವರು 5 ವ್ಯಾಟ್ ಹ್ಯಾಮ್ ಸೆಟ್ (ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದ ಹವ್ಯಾಸಿಗಳು ಬಳಸುವ ರೇಡಿಯೊ) ತೋರಿಸಿ "ಏನೂ ಆಗಲ್ಲ, ತಗೊಳ್ಳಿ ಸಾರ್" ಅನ್ನುತ್ತಾರೆ. ಅದು ಬೇಡ. ನಾನು ಹ್ಯಾಮ್ ಪರೀಕ್ಷೆ ಪಾಸು ಮಾಡಿದರೂ ಅದನ್ನು ಕೆಲಸದವರ ಕೈಗೆ ಕೊಡುವಂತಿಲ್ಲ ಅಲ್ವಾ?

ಅರ್ಧ ವ್ಯಾಟಿನದು ಬಳಸುತ್ತಿರುವವರು ದಯವಿಟ್ಟು ಹೇಳಿ. ನಡುವೆ ಗುಡ್ಡ, ಸಿಲ್ವರ್ ಓಕ್ ಇದ್ದರೆ ಎಷ್ಟು ದೂರ ಕೇಳಿಸುತ್ತದೆ? ಪಕ್ಕದ ತೋಟದವರ ಮಾತು ಕೇಳಿಸದಂತೆ ಎಲ್ಲ ಸೆಟ್‌ಗೂ ಒಂದೇ ಟೋನ್ ಕೋಡ್ (ಅದೇ ಕೋಡ್ ಇರುವ ಸೆಟ್‌ನ ಮಾತು ಮಾತ್ರ ಕೇಳಿಸುವ ಸೆಟ್ಟಿಂಗ್) ಹಾಕಿದರೆ ಸಾಕಾ? ಆನೆ ಹತ್ತಿರದಲ್ಲೇ ಇರುವಾಗ ಸೆಟ್ ಜೋರಾಗಿ ಕೂಗಿದರೆ ಅಪಾಯ. ಅದಕ್ಕೆ ಮಳೆಯಲ್ಲೂ ತಡೆಯುವ ಇಯರ್‌ಪೀಸ್ ಯಾವುದಿದೆ? ಇಟಿಎ ಸರ್ಟಿಫಿಕೇಟ್ (ರೇಡಿಯೊ ಉಪಕರಣದ ಮಾದರಿಗೆ ಸರ್ಕಾರ ಕೊಡುವ ಒಪ್ಪಿಗೆ) ಇರುವ ಮಾಡೆಲ್‌ಗಳನ್ನೇ ತಿಳಿಸಿ.